ಒಣಗಿದ ಡ್ರಮ್ಮಿನ ಊರಿಗೆ

ಕೆ.ಆರ್. ನಗರದಲ್ಲಿ ಹುಣಸೂರಿನ ಬಸ್ಸು ಹತ್ತುವಾಗಲೇ ನನ್ನ ತಲೆ ಕಾದಿತ್ತು. ಹಿಂದಿನ ಸಂಜೆ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯಿಂದ ಚಿಕ್ಕವ್ವ ಫೋನು ಮಾಡಿ ಅತ್ತಿದ್ದಳು. "ನಲ್ಲಿ ಮುಟ್ಬ್ಯಾಡ ಅಂದವ್ರೆ ಕಣ್ ಮಗ. ಊರ್ಗೆ ಕಾಯ್ಲೆ ತಂದೋಳು ನಾನೇ ಅಂತೆ." ಅದು ಎರಡು ಸಾವಿರದ ಆರರ ಮಳೆಗಾಲ, ಚಿಕೂನ್‌ಗುನ್ಯಾ ಊರೂರಲ್ಲಿ ಜನರನ್ನು ಮಲಗಿಸುತ್ತಿತ್ತು. ಎಚ್.ಡಿ. ಕೋಟೆಯಲ್ಲಿರುವ ಮಗಳ ಮನೆಯಿಂದ ಚಿಕ್ಕವ್ವ ಜ್ವರದಲ್ಲೇ ವಾಪಸ್ಸು ಬಂದದ್ದು ನಿಜ. ಆದರೆ ಜ್ವರ ಬಿಟ್ಟು ತಿಂಗಳ ಮೇಲಾಗಿತ್ತು. ಈಗ ಉಳಿದದ್ದು ಮಂಡಿ ನೋವು ಮಾತ್ರ.

ಇಪ್ಪತ್ತು ಚಿಲ್ಲರೆ ಕಿಲೋಮೀಟರು ನಿಂತೇ ಹೋದೆ. ಹುಣಸೂರಿನಲ್ಲಿ ಸೋನೆ ಮಳೆ. ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಸೊಳ್ಳೆಗೆ ಹೊಗೆ ಬಿಡುವ ಗಾಡಿಯೊಂದು ಮುಖ್ಯ ರಸ್ತೆಯಲ್ಲಿ ಮೆರವಣಿಗೆಯ ಹಾಗೆ ಸಾಗಿತು. ಮುಂದೆ ಫೋಟೋ ತೆಗೆಯುವವನು, ಹಿಂದೆ ಶಾಲು ಹೊದ್ದವರು. ಹೋಟೆಲಿನ ಪಕ್ಕದಲ್ಲೇ ರಾಶಿ ಬಿದ್ದಿದ್ದ ಹಳೇ ಟೈರುಗಳಲ್ಲಿ ನೀರು ತುಂಬಿ ಸೊಳ್ಳೆಯ ಹುಳ ಕುಣಿಯುತ್ತಿತ್ತು. ಅದರ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ. "ಸೊಳ್ಳೆ ಎಲ್ಲಾ ಸತ್ತೋದ್ವು ಬುಡಿ," ಎಂದ ಹೋಟೆಲಿನವನು. ಏನು ಸಾಯುವುದು, ಮಣ್ಣು! ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಕಂಪಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೊರಗೆ ಉದ್ದಕ್ಕೂ ಹೊಗೆಸೊಪ್ಪು. ಎಂ.ಎಸ್ಸಿ. ಓದುವಾಗ ಗಾಜಿನ ಬಾಟಲಿಯಲ್ಲಿ ಸೊಳ್ಳೆಯ ಜೀವಕೋಶ ಬೆಳೆಸಿ ಇಂಥ ವೈರಸ್ ಹಾಕಿ ನೋಡುತ್ತಿದ್ದುದು ನೆನಪಾಯಿತು. ಅದೇ ವೈರಸ್ಸನ್ನು ಕೋತಿಯ ಜೀವಕೋಶಕ್ಕೆ ಹಾಕಿದರೆ ಕೆಲವೇ ದಿನಗಳಲ್ಲಿ ಎಲ್ಲ ಸತ್ತು ತೇಲುತ್ತಿದ್ದವು. ಸೊಳ್ಳೆಯ ಕೋಶಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ವೈರಸ್ ಮೊದಲು ಬೇಕಾದಷ್ಟು ಹೆಚ್ಚುತ್ತದೆ. ಆಮೇಲೆ ಕೋಶ ಅದನ್ನು ಕತ್ತರಿಸಿ ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಕೋಶ ಎರಡಾದರೆ ಎರಡರಲ್ಲೂ ಅದು ಇರುತ್ತದೆ. ಗೋಡೆ ಕೆಡಿಸದ ಬಾಡಿಗೆದಾರನನ್ನು ಯಾರು ಹೊರಗೆ ಹಾಕುತ್ತಾರೆ? ಕಾಯಿಲೆ ಬಿದ್ದವರನ್ನು ಕಚ್ಚಿದ ಸೊಳ್ಳೆ ತಾನು ನರಳದೆ, ಇರುವಷ್ಟು ದಿನವೂ ರೋಗ ಹಂಚುತ್ತಾ ಹಾರಾಡುತ್ತದೆ. ಮನುಷ್ಯರ ರಕ್ತದಲ್ಲಾದರೆ ಆ ವೈರಸ್ಸಿಗೆ ವಾರ ನಿಲ್ಲುವುದೂ ಕಷ್ಟ. ಅಂಥಾದ್ದರಲ್ಲಿ ಶಿಕ್ಷೆ ನಮ್ಮ ಚಿಕ್ಕವ್ವನಿಗೆ!

ಕಂಪಲಾಪುರದಿಂದ ಲಗೇಜು ಆಟೋದಲ್ಲಿ ಒಳಗಿನ ಹಳ್ಳಿ ಸೇರಿದೆ. ಚಿಕ್ಕವ್ವನ ಬಾಗಿಲ ಮುಂದೆ ತುಕ್ಕು ಹಿಡಿದ ಡ್ರಮ್ಮು. ಪಕ್ಕದ ಮನೆಯವಳು ಮೂರು ದಿನಕ್ಕೊಮ್ಮೆ ದೂರದಿಂದ ಅದಕ್ಕೆ ನೀರು ಸುರಿದು ಹೋಗಬೇಕಂತೆ. ಇಣುಕಿದರೆ ಒಳಗೆಲ್ಲ ಹುಳ. ನನಗೆ ಮೈಯೆಲ್ಲ ಉರಿಯಿತು. ನಲ್ಲಿ ಮುಟ್ಟಬೇಡ ಎಂದವರೇ ಅವಳ ಮನೆ ಮುಂದೆ ಸೊಳ್ಳೆ ಸಾಕಲು ಇಟ್ಟಿದ್ದರು. ಆ ಡ್ರಮ್ಮನ್ನು ಬೋರಲು ಹಾಕಿ, ಉಜ್ಜಿ ಉಜ್ಜಿ ತೊಳೆದು, ನೇರ ಊರ ಯಜಮಾನರಾದ ಗೌಡರ ಮನೆಗೆ ಹೋದೆ.

"ಊರ್ನೋರ ಒಳ್ಳೇದ್ಕೇ ಏಳಿದ್ದು ಕಣವ್ವ," ಎಂದರು ಗೌಡರು. ಒಳಗೆ ಅವರ ಹೆಂಡತಿ ದೇವೀರಮ್ಮ ಅದೇ ಜ್ವರಕ್ಕೆ ಕೈಬೆರಳು ಊದಿಸಿಕೊಂಡು ಮಲಗಿದ್ದರು. "ನೀವು ಓದಿರೋರು, ನೀವೇ ನೋಡಿ. ನನ್ ಡ್ರಮ್ಮು ಖಾಲಿ ಮಾಡಿ ಸೂರಡೀಲಿ ಒಣಗಾಕಿವ್ನಿ. ಒಂದ್ ತೊಟ್ಟು ನೀರಿಲ್ಲ. ನಮ್ಮನೇಲೆಲ್ಲೈತೆ ಸೊಳ್ಳೆ?"

"ಉಜ್ಜಿದ್ರಾ ಗೌಡ್ರೇ?"

"ಒಣಗಿರೋದ್ನ ಏನುಜ್ಜೋದು?"

ಡ್ರಮ್ಮಿನ ಒಳಗೆ, ಹಿಂದೆ ನೀರು ನಿಂತಿದ್ದ ಗೆರೆಯುದ್ದಕ್ಕೂ ಕಪ್ಪು ಚುಕ್ಕೆಗಳು. ಚಮಚದಲ್ಲಿ ಕೆರೆದು ಗಾಜಿನ ಲೋಟದ ನೀರಿಗೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಅವರ ಜಗಲಿಯ ಮೇಲೇ ಇಟ್ಟೆ. "ನಾಳೆ ತನಕ ಇದನ್ನ ಯಾರೂ ಮುಟ್ಟಬ್ಯಾಡಿ," ಎಂದೆ. ಹಾಗೆ ಹೇಳಲು ಒಂಥರಾ ಖುಷಿಯೇ ಆಯಿತು.

ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ, ಒಣಗಿದರೂ ಸಾಯದ ಆ ಮೊಟ್ಟೆಗಳು ಒಡೆದು, ಲೋಟದಲ್ಲಿ ಕೂದಲೆಳೆಯಷ್ಟು ಸಣ್ಣ ಹುಳಗಳು ಕುಲುಕುತ್ತಿದ್ದವು. ಗೌಡರು ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಕಾಯ್ಲೆ ಐತಾ?"

"ಗೊತ್ತಿಲ್ಲ. ತಾಯಿಸೊಳ್ಳೆಯಿಂದ ಮೊಟ್ಟೆಗೂ ಒಂದೊಂದ್ಸಲ ದಾಟುತ್ತೆ ಅಂತಾರೆ. ದಾಟದಿದ್ರೂ ಇಂಥವೇ ದೊಡ್ಡವಾಗಿ, ಜ್ವರ ಬಂದೋರನ್ನ ಕಚ್ಚಿ ಬಂದು, ಒಳಗೆ ಮಲಗಿರೋ ನಿಮ್ಮ ಹೆಂಡ್ತೀನ ಕಚ್ಚಿರೋದು. ಆಮೇಲೆ ಊರನ್ನ. ಚಿಕ್ಕವ್ವನಿಗೆ ಬಂದು ಹೋಗಿ ಆಯ್ತು. ಈ ಊರಲ್ಲಿ ಯಾರ ಹತ್ರಾನಾದ್ರೂ ಹೆದರಿಕೆಯಿಲ್ಲದೆ ನಿಲ್ಲಬಹುದು ಅಂದ್ರೆ ಅವಳ ಹತ್ರ ಗೌಡ್ರೇ. ಅವಳನ್ನೇ ದೂರ ಇಟ್ಟಿದೀರಲ್ಲ, ನಿಮಗೆ ನಾಚಿಕೆ ಆಗಲ್ವಾ?"

ಗೌಡರು ಲೋಟವನ್ನು ಒಣ ಮಣ್ಣಿಗೆ ಸುರಿದು, ಹಿತ್ತಿಲಿಗೆ ಹೋಗಿ ತೆಂಗಿನ ನಾರು ಹುಡುಕತೊಡಗಿದರು.

ನಾನು ಆಟೋ ಹತ್ತುವಾಗ ಚಿಕ್ಕವ್ವ ಕೊಡ ಸೊಂಟಕ್ಕಿಟ್ಟುಕೊಂಡು ನಲ್ಲಿಯ ಸಾಲಿಗೆ ಹೋಗಿ ನಿಂತಳು. ಹೆಂಗಸರು ತಮ್ಮ ತಮ್ಮ ಕೊಡ ಎತ್ತಿಕೊಂಡು ಎರಡು ಮಾರು ಆಚೆ ಸರಿದರು. ಹಾಳಾದವರು! ಇಳಿದು ಹೋಗಿ ಕೇಳಿಯೇಬಿಡೋಣ ಎಂದು ಒಂದು ಕಾಲು ಕೆಳಗಿಟ್ಟೆ. ಅಷ್ಟರಲ್ಲಿ ಗೌಡರ ಮನೆಯ ಬಾಗಿಲಿಂದ ದೇವೀರಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೊಡ ಹಿಡಿಯಲಾಗದೆ ಮೊಣಕೈಗೆ ಸಿಕ್ಕಿಸಿಕೊಂಡಿದ್ದರು. ಕುಂಟುತ್ತಾ ಆ ಖಾಲಿ ಜಾಗವನ್ನು ದಾಟಿ, ಚಿಕ್ಕವ್ವನಿಗೆ ಸೆರಗು ತಾಗುವಷ್ಟು ಹತ್ತಿರ ನಿಂತು, "ನಂದೂ ತುಂಬ್ಸಿ ಕೊಡಕ್ಕ, ಕೈಲಾಗಾಕಿಲ್ಲ," ಎಂದರು.