ಎಂಪಿಗಿಯಲ್ಲಿ ಅಪ್ಪ ಹರಿದ ಡೋಲು

ಕೊಹೀರಿನಿಂದ ಹೈದರಾಬಾದಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಅಪ್ಪ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಕೂತಿದ್ದ. ಹೊರಗೆ ಮೇ ತಿಂಗಳ ಉರಿಬಿಸಿಲು. “ವಿಮಾನದಾಗ ಥಂಡಿ ಇರ್ತದಂತ, ಅಳಿಯ ಹೇಳ್ಯಾನ” ಎಂದು ಕಂಡಕ್ಟರನಿಗೂ ಹೇಳಿದ. ಅಪ್ಪ ಬೀರಪ್ಪ ಕುರಿ ಸಾಕುವವನು, ದೇವರ ಡೊಳ್ಳು ಬಾರಿಸುವವನು. ನಾನು ಜಹೀರಾಬಾದಿನಲ್ಲಿ ಟೀಚರು. ನಾವು ಹೊರಟಿದ್ದು ಯುಗಾಂಡಾಕ್ಕೆ. ತಾಂಡೂರಿನವರಾದ ನಮ್ಮ ಮನೆಯವರು ಎರಡು ವರ್ಷದಿಂದ ಅಲ್ಲಿ ಸಿಮೆಂಟ್ ಫ್ಯಾಕ್ಟರಿಯ ಕೆಲಸದಲ್ಲಿದ್ದಾರೆ. ರಜೆಗೆ ಬಾ ಎಂದು ನನ್ನನ್ನು ಕರೆದರು; “ಇಲ್ಲಿ ಊರಿಗೂರೇ ಡೋಲು ಮಾಡ್ತದರಿ ಮಾವಾ” ಎಂದು ಫೋನಿನಲ್ಲಿ ಆಸೆ ಹಚ್ಚಿ ಅಪ್ಪನನ್ನೂ ಹೊರಡಿಸಿದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಅಪ್ಪನಿಗೆ ಒಬ್ಬಳೇ ಮಗಳು. ನಮ್ಮ ಮನೆಯಲ್ಲಿ ಹೆಂಗಸರು ಡೊಳ್ಳಿಗೆ ಕುಂಕುಮ ಹಚ್ಚಬಹುದು, ಕೋಲು ಮುಟ್ಟಿಸುವಂತಿಲ್ಲ. ಹತ್ತು ವರ್ಷದವಳಿದ್ದಾಗ ನನಗೂ ಕಲಿಸು ಅಂದಿದ್ದೆ. “ಅದು ನಿಂದಲ್ಲ, ಬಿಡಬೇ” ಅಂದಿದ್ದ. ಮೂವತ್ತು ವರ್ಷವಾದರೂ ಆ ಸಿಟ್ಟು ನನ್ನ ಹೊಟ್ಟೆಯೊಳಗೆ ಹಾಗೇ ಇತ್ತು. ಅವನ ನಂತರ ಆ ಡೊಳ್ಳಿಗೆ ಗೋಡೆಯ ಗೂಟವೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಮುಂಬೈಯಲ್ಲಿ ವಿಮಾನ ಬದಲಿಸುವಾಗ ತಪಾಸಣೆಯವರಿಗೆ ಅಪ್ಪನ ಕಿಸೆಯಲ್ಲಿ ಅರಿಶಿನ ಪುಡಿಯ ಪೊಟ್ಟಣ ಸಿಕ್ಕಿತು. “ದೇವ್ ಕಾ ಭಂಡಾರ್ ಹೈ ಸಾಬ್, ಖಾಲಿ ಹಲ್ದಿ!” ಎನ್ನುತ್ತ ಅಧಿಕಾರಿಯ ಹಣೆಗೆ ಹಚ್ಚಲು ಕೈ ಎತ್ತಿಯೇಬಿಟ್ಟ. ನಾನು ಹಿಡಿದೆಳೆದೆ. ಆತ ಮೂಸಿ ನೋಡಿ, ನಕ್ಕು, ಕಳಿಸಿದ. ಸುಮಾರು ಆರು ತಾಸಿನ ಮೇಲೆ ಎಂಟೆಬೆಯಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಅಪ್ಪ ಕಂಬಳಿ ತಲೆಯ ಮೇಲೆಳೆದುಕೊಂಡು, ಹೆಂಗ ಮತ್ತ ಎಂಬಂತೆ ನನ್ನ ಮೋರೆ ನೋಡಿದ.

ಮೂರನೆಯ ದಿನ, ಗುರುವಾರ, ನಮ್ಮ ಮನೆಯವರು ಕಂಪಾಲಾದಿಂದ ನಮ್ಮನ್ನು ಡೋಲಿನ ಊರು ಎಂಪಿಗಿಗೆ ಕರೆದುಕೊಂಡು ಹೋದರು. ಮೂವತ್ತೈದು ಕಿಲೋಮೀಟರ್ ಆಗಬಹುದು. ಹದಿನಾಲ್ಕು ಸೀಟಿನ ವ್ಯಾನಿಗೆ ತಲೆಗೆ ಐದು ಸಾವಿರ ಶಿಲ್ಲಿಂಗ್ ಎಂದಾಗ ಅಪ್ಪ ಹೌಹಾರಿದ. ನಮ್ಮ ಲೆಕ್ಕದಲ್ಲಿ ನೂರಾ ಹದಿನೈದು ರೂಪಾಯಿ ಅಷ್ಟೇ. ರಸ್ತೆಯ ಎರಡೂ ಕಡೆ ಸಣ್ಣವು ದೊಡ್ಡವು ಡೋಲುಗಳ ಸಾಲು. ನಮ್ಮವರ ಜೊತೆ ಕೆಲಸ ಮಾಡುವವರ ಅಕ್ಕ ನಕಾಟೊ ಅಲ್ಲಿ ಹೆಂಗಸರ ಡೋಲಿನ ತಂಡ ನಡೆಸುತ್ತಾರೆ. ಬೇಯಿಸಿದ ಬಾಳೆಕಾಯಿ, ಶೇಂಗಾದ ಸಾರು ಬಡಿಸಿದರು. “ಶೇಂಗಾ ಅದ, ರೊಟ್ಟಿ ಒಂದು ಕಮ್ಮಿ” ಎಂದ ಅಪ್ಪ ಎರಡು ಸಲ ಹಾಕಿಸಿಕೊಂಡ. ತಮ್ಮ ಅಜ್ಜಿಯ ಕಾಲದಲ್ಲಿ ಹೆಂಗಸರು ಡೋಲು ಮುಟ್ಟುವಂತಿರಲಿಲ್ಲ ಎಂದು ನಕಾಟೊ ಹೇಳಿದ್ದನ್ನು ನಮ್ಮವರು ಕನ್ನಡ ಮಾಡಿದರು. ನಾನು ಅಪ್ಪನ ಕಡೆ ನೋಡಿದೆ. ಅವನು ಬಾಳೆಕಾಯಿ ನೋಡುತ್ತಿದ್ದ.

ಎರಡು ದಿನದ ಮೇಲೆ, ಶನಿವಾರ ಮಧ್ಯಾಹ್ನ, ಅವರ ತಂಡ ಒಂದು ಮದುವೆಯಲ್ಲಿ ಬಾರಿಸಬೇಕಿತ್ತು. ಮಳೆಯ ತೇವಕ್ಕೆ ಮೇಕೆ ಚರ್ಮದ ಸಣ್ಣ ಡೋಲು ಸಡಿಲಾಗಿತ್ತು. ಅವರು ಅದನ್ನು ಬಿಸಿಲಿಗೆಂದು ಅಂಗಳದಲ್ಲಿಟ್ಟು ಒಳಗೆ ಹೋದರು. “ಈ ಬಿಸಲಿಗಿ ಕುಂತ್ರ ಸಂಜಿ ಆಗ್ತದ” ಎಂದು ಅಪ್ಪ ಊರಿನಲ್ಲಿ ಮಾಡುವಂತೆ ಒಣ ಮೆಕ್ಕೆಜೋಳದ ಸಿಪ್ಪೆಗೆ ಬೆಂಕಿ ಹಚ್ಚಿ, ಡೋಲನ್ನು ಮೇಲೆ ಹಿಡಿದು ತಿರುಗಿಸಿದ. ನಮ್ಮ ಡೊಳ್ಳಿಗೆ ದಪ್ಪ ಟಗರಿನ ಚರ್ಮ, ಕಾವು ತಡೆಯುತ್ತದೆ. ಇದು ತೆಳ್ಳಗಿತ್ತು. ಫಟ್ ಎಂದು ಹರಿಯಿತು.

ನಕಾಟೊ ಹೊರಗೆ ಬಂದು ನೋಡಿದರು. ಹರಿದ ಡೋಲನ್ನು ಎತ್ತಿಕೊಂಡು ಸೀಳಿನ ಮೇಲೆ ಬೆರಳಾಡಿಸಿದರು. ಅಪ್ಪನ ಮುಖ ಸಣ್ಣದಾಯಿತು. “ಅಳಿಯಾ, ಈ ಅಕ್ಕಗ ಹೇಳು. ಹರದಾಂವ ನಾ, ಕಟ್ಟಿ ಕೊಡಾಂವನೂ ನಾನೇ” ಅಂದ. ಪಕ್ಕದ ಅಂಗಡಿಯಿಂದ ಮೇಕೆ ಚರ್ಮ ತಂದು ನೆನೆಹಾಕಿ, ಸಂಜೆಯೊಳಗೆ ಡೋಲಿನ ಬಾಯಿಗೆ ಹೊದಿಸಿ ಕಟ್ಟಿದ. ನಾವು ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು. ಪುಣ್ಯಕ್ಕೆ ಶುಕ್ರವಾರವೆಲ್ಲ ಖಡಕ್ ಬಿಸಿಲು, ಚರ್ಮ ಒಣಗಿತು.

ಶನಿವಾರ ಬೆಳಿಗ್ಗೆ ಡೋಲಿನ ನಾದ ಹದ ಮಾಡುವ ಕೆಲಸ. ಹಗ್ಗ ಬಿಗಿಯುವವನ ಎರಡು ಕೈ, ಒಂದು ಕಾಲು ಹಗ್ಗದಲ್ಲೇ ಇರುತ್ತವೆ. ಬಾರಿಸಿ ನಾದ ಕೇಳಿಸಲು ಇನ್ನೊಬ್ಬರು ಬೇಕು. ಊರಿನಲ್ಲಿ ಕಾಕಾನ ಮಗ ತನಗೆ ಬರುವ ಮೂರೇ ಪೆಟ್ಟು ಹಾಕುತ್ತಾನೆ, ಅದರ ಮೇಲೆ ಅಪ್ಪ ಬಿಗಿಯುತ್ತಾನೆ. ನಕಾಟೊ ತಮ್ಮ ರೀತಿಯಲ್ಲಿ ಬಾರಿಸಿದರು. ಅಪ್ಪನ ಕಿವಿಗೆ ಅಂದಾಜು ಸಿಗಲಿಲ್ಲ. ನಮ್ಮವರು ಸಿಮೆಂಟ್ ಚೀಲ ಬಡಿದಂತೆ ಬಡಿದರು. “ತೂ, ಬಿಡ್ರಿ ಅಳಿಯಂದ್ರ!” ಅಂದ ಅಪ್ಪ ಹಗ್ಗ ಹಲ್ಲಿನಲ್ಲಿ ಕಚ್ಚಿಕೊಂಡು ಸುತ್ತ ನೋಡಿದ. ಅಲ್ಲಿ ಉಳಿದವಳು ನಾನೊಬ್ಬಳೇ.

“ಬಾ” ಅಂದ.

ಮೂರು ಪೆಟ್ಟು ಹಾಕಿದೆ. “ಎಡಕ್ಕ ಇನ್ನಾ ಸಡ್ಲ ಅದ ಅಪ್ಪಾ.”

ಅಪ್ಪ ತಲೆ ಎತ್ತಿದ. “ನಿನಗ ಯಾರ ಹೇಳಿಕೊಟ್ರು?”

“ಒಳಗ ರೊಟ್ಟಿ ಬಡಿತಾ ಕೇಳೀನಿ. ಮೂವತ್ತು ವರ್ಷ.”

ಅವನು ಎಡಕ್ಕೆ ಬಿಗಿದ. ಮತ್ತೆ ಮೂರು ಪೆಟ್ಟು. “ಬಳಿ ಸಪ್ಪಳ ಮಾಡ್ತಾವ, ನಾದ ಕೇಳವಲ್ದು” ಎಂದು ರುಮಾಲಿನ ಅಂಚು ಹರಿದು, ನನ್ನ ಬಳೆಗಳನ್ನು ಮೇಲಕ್ಕೆ ಸರಿಸಿ, ಮುಂಗೈಗೆ ಬಿಗಿದು ಕಟ್ಟಿದ. ತಾಸು ಹೊತ್ತು ಅವನು ಎಳೆದ, ನಾನು ಬಾರಿಸಿದೆ. ನನಗೆ ಅಳು ಬಂತು; ಅಳುತ್ತಲೇ ಇದ್ದರೂ ಬಾರಿಸುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನ ಮದುವೆಯಲ್ಲಿ ನಕಾಟೊ ಅದೇ ಡೋಲು ಎತ್ತಿಕೊಂಡರು. “ವೆಬಾಲೆ, ಮ್ಜೇ” ಎಂದು ಹಿರಿಯನಿಗೆ ಧನ್ಯವಾದ ಹೇಳಿದರು. ಅಪ್ಪ ಉಳಿದ ಭಂಡಾರದಲ್ಲಿ ಚಿಟಿಕೆ ತೆಗೆದು ಡೋಲಿಗೂ ಅವರ ಹಣೆಗೂ ಹಚ್ಚಿದ. ಇಲ್ಲಿ ತಡೆಯುವ ಅಧಿಕಾರಿ ಇರಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅದು ಪರದೇಶದ ಡೋಲು, ತುರ್ತಿಗೆ ನಡೆಯಿತು. ಮನೆಯ ಡೊಳ್ಳಿನ ಮಾತು ಬೇರೆ. ಅಪ್ಪ ಆ ಸುದ್ದಿಯೇ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಊರು ಮುಟ್ಟಿದ ಮರುದಿನ ಬೆಳಿಗ್ಗೆ ಓಣಿಯ ನಾಲ್ಕು ಮಂದಿ ಯುಗಾಂಡಾದ ಸುದ್ದಿ ಕೇಳಲು ಅಂಗಳದಲ್ಲಿ ಕೂತಿದ್ದರು. ಅಪ್ಪ ಗೂಟದಿಂದ ಡೊಳ್ಳು ಇಳಿಸಿ, ಕಂಬಳಿ ಹಾಸಿ, ಅದರ ಮೇಲಿಟ್ಟ. ಕಾಕಾನ ಮಗ ಎದ್ದು ಬಂದು, “ನಾ ಬಾರಸ್ಲೇನ್ರಿ ದೊಡ್ಡಪ್ಪಾ?” ಎಂದು ಕೋಲಿಗೆ ಕೈ ಚಾಚಿದ.

“ನೀ ಕುಂದ್ರು” ಅಂದ ಅಪ್ಪ. ಅಂಗಿಯ ಕಿಸೆಯಿಂದ ರುಮಾಲಿನ ಆ ಚೂರನ್ನು ತೆಗೆದು, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ.

“ಕೈ ತಾ ಬೇ.”