ಹುಳದ ಮಿಸ್ ಮತ್ತು ಕಲ್ಲಿನಡಿಯ ಪಾಠ

ಮಗಳ ವಿಜ್ಞಾನದ ಟೀಚರಿಗೆ ಮಕ್ಕಳಿಟ್ಟ ಹೆಸರು ‘ಹುಳದ ಮಿಸ್’. ಪಾಠ ಯಾವುದೇ ಇರಲಿ, ಇಡೀ ಎರಡನೇ ತರಗತಿಯನ್ನು ಶಾಲೆಯ ಹಿಂದಿನ ಕಾಂಪೌಂಡಿನ ಬಳಿ ಕುಕ್ಕರಗಾಲಲ್ಲಿ ಕೂರಿಸುತ್ತಾರೆ. ಕೇಳಿದರೆ, “ಪುಸ್ತಕದಲ್ಲಿರೋ ಇರುವೆ ಓಡಲ್ವಲ್ಲಮ್ಮ” ಎನ್ನುತ್ತಾರೆ. ಸಮವಸ್ತ್ರದ ಕೆಸರು ತಿಕ್ಕಿ ಸುಸ್ತಾದ ನಾವು ತಾಯಂದಿರು ದೂರು ಕೊಟ್ಟೆವು. ಹೊರಗಿನ ಪಾಠವನ್ನೇ ನಿಲ್ಲಿಸಲು ಇವತ್ತು ಹೆಡ್‌ಮಿಸ್ ಖುದ್ದಾಗಿ ಬಂದರು. ಮಗಳು ಮರೆತ ಊಟದ ಡಬ್ಬಿ ಕೊಡಲು ಹೋಗಿದ್ದ ನಾನೂ ಅಲ್ಲೇ ನಿಂತೆ.

“ಸಾಕು, ಎಲ್ಲರೂ ಒಳಗೆ ನಡೀರಿ!”

“ಆಯ್ತು ಮೇಡಂ,” ಎಂದರು ಹುಳದ ಮಿಸ್, ಬೆಣ್ಣೆಯಂಥ ದನಿಯಲ್ಲಿ. “ಈ ಕಲ್ಲು ವಾಪಸ್ ಇಟ್ಟು ಬಂದ್ಬಿಡ್ತೀವಿ. ಸ್ವಲ್ಪ ಜೋಪಾನ, ಇರುವೆಗಳು ಮನೆ ಖಾಲಿ ಮಾಡ್ತಿವೆ.”

ಹೆಡ್‌ಮಿಸ್ ಬಗ್ಗಿ ನೋಡಿದರು. ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದವು.

“ಅಯ್ಯೋ, ಇದೊಂದು ಬೀಳಿಸ್ಕೊಂಡ್ತಲ್ಲ!” ಎನ್ನುತ್ತ ಮೇಡಂ ಇಸ್ತ್ರಿ ಬಟ್ಟೆಯಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು.

“ಎಲ್ಲಿಗೆ ಹೋಗ್ತಿವೆ ಮೇಡಂ?” ಎಂದಳು ನನ್ನ ಮಗಳು.

“ಇರೇ ಪುಟ್ಟಿ, ಅದನ್ನೇ ನೋಡ್ತಿದ್ದೀನಿ!”

ಅಷ್ಟರಲ್ಲಿ ಗಂಟೆ ಹೊಡೆಯಿತು.

“ಯಾರಪ್ಪ ಅದು, ಇಷ್ಟು ಬೇಗ ಬೆಲ್ ಹೊಡ್ದಿದ್ದು?” ಎಂದು ಹೆಡ್‌ಮಿಸ್ ಕೂತಲ್ಲಿಂದಲೇ ಗದರಿದರು.

ಹುಳದ ಮಿಸ್ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು.