ಹಳದಿ ಬಾಣ

ಮೊನ್ನೆ ರಬಕವಿಯ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಗಂಜಿಯ ವಾಸನೆ ಬಂತು. ಉಣ್ಣುವ ಗಂಜಿಯಲ್ಲ, ನೂಲಿಗೆ ಹಾಕುವ ಗಂಜಿ. ಫ್ಯಾನಿಗೆ ಮೆತ್ತಿಕೊಂಡಿದ್ದ ನೂಲಿನ ಧೂಳನ್ನು ಬ್ರಷ್ಷಿನಿಂದ ಕೆದಕಿದಷ್ಟೂ ಆ ವಾಸನೆ ಏಳುತ್ತಿತ್ತು. ಅದನ್ನು ತಂದವಳು, ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾನು ಚಿಕ್ಕಮ್ಮನೆಂಬಂತೆ ಕಾಕೂ ಎಂದು ಕರೆಯುತ್ತಿದ್ದವರ ಸೊಸೆ. ಕಾಕೂ ಈಗ ಇಲ್ಲ...

ಕಾಕೂ ಆ ಕಂಪ್ಯೂಟರಿನಲ್ಲಿ ಸೀರೆಯ ಅಂಚಿಗೆ ನಕ್ಷೆ ತೆಗೆಯುತ್ತಿದ್ದರು. ಪರದೆಯ ತುಂಬ ಚೌಕಗಳು, ಒಂದೊಂದು ಚೌಕಕ್ಕೆ ಒಂದೊಂದು ಎಳೆ. ನಮ್ಮ ಓಣಿಯ ಮಗ್ಗಗಳಲ್ಲಿ ಅವರ ಅಂಚು ಇಲ್ಲದ ಮಗ್ಗ ಹುಡುಕಬೇಕಿತ್ತು. ನಾನು ಅವರ ಕಂಪ್ಯೂಟರ್ ನೋಡಲು ಹೋಗತೊಡಗಿದಾಗ ಅವರ ಬಲಗಣ್ಣು ಆಗಲೇ ಮಸುಕಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಹೋದ ದೃಷ್ಟಿ ಮರಳಿ ಬಾರದು ಎಂದು ಜಮಖಂಡಿಯ ಡಾಕ್ಟರು ಹೇಳಿಬಿಟ್ಟಿದ್ದರು. “ತಮ್ಮಾ, ಇದನ್ನ ನನ್ನ ಕಣ್ಣಿಗೆ ಒಗ್ಗೂ ಹಂಗ ಮಾಡಿಕೊಡು. ಈ ಕೆಲಸ ಬಿಟ್ಟು ನಾ ಏನು ಮಾಡ್ಲಿ?” ಎಂದರು. ಯಂತ್ರವೂ ಮುದಿಯಾಗಿತ್ತು, ಅದಕ್ಕೆ ಭಾರವಾಗದ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟೆ.

ಲಿನಕ್ಸಿನ ಸುಖವೆಂದರೆ ಒಂದೇ ಯಂತ್ರದೊಳಗೆ ಪರದೆಯ ರೂಪವನ್ನೇ ಬದಲಿಸುವ ಬೇರೆ ಬೇರೆ ಡೆಸ್ಕ್‌ಟಾಪ್ ಇಟ್ಟುಕೊಂಡು, ಬೇಕಾದ್ದನ್ನು ಆರಿಸಿ ತೆರೆಯಬಹುದು. ಆದರೆ ಕಾಕೂ ನನಗೆ ಅದನ್ನು ಮುಟ್ಟಲು ಬಿಡುತ್ತಿದ್ದುದು ಅಮಾವಾಸ್ಯೆಯ ದಿನ ಮಾತ್ರ. ಅಂದು ಓಣಿಯ ಮಗ್ಗಗಳು ನಿಲ್ಲುತ್ತಿದ್ದವು. ಅವನ್ನು ಒರೆಸಿ, ಎಣ್ಣೆ ಬಿಟ್ಟು, ಪೂಜೆ ಮಾಡುತ್ತಿದ್ದರು. ಕಾಕೂನ ಪಾಲಿಗೆ ಕಂಪ್ಯೂಟರೂ ಮಗ್ಗವೇ. ಅದಕ್ಕೆ ವಿಭೂತಿ ಹಚ್ಚಿದ ಮೇಲೆಯೇ ಮೌಸು ನನ್ನ ಕೈಗೆ ಬರುತ್ತಿತ್ತು.

ಮೊದಲು ಗ್ನೋಮ್ ಎಂಬುದನ್ನು ತೋರಿಸಿದೆ. ಬರೀ ಖಾಲಿ ಪರದೆ ನೋಡಿ, “ಮನಿ ಖಾಲಿ ಮಾಡಿ ಹ್ವಾದಂಗ ಐತಲ್ಲೋ” ಎಂದರು. ಮುಂದಿನ ಅಮಾವಾಸ್ಯೆಗೆ ಕೆಡಿಇ. ಅದರ ಬಣ್ಣ, ಕಿಟಕಿಗಳು ಜಾರುವ ಬೆಡಗು ಅವರಿಗೆ ಇಷ್ಟವಾಯಿತು, ಹೊಸ ಸೀರೆ ಮುಟ್ಟಿದಂತೆ ಪರದೆಯನ್ನು ಮುಟ್ಟಿ ನೋಡಿದರು. ಕಡೆಗೆ, “ನೋಡಾಕ ಛಲೋ ಐತಿ. ಆದ್ರ ನನ್ನ ಕಣ್ಣು ಎಲ್ಲಿ ನಿಂದ್ರಬೇಕು?” ಎಂದು ನಿಟ್ಟುಸಿರಿಟ್ಟರು. ಒಪ್ಪಿದ್ದು ಎಕ್ಸ್‌ಎಫ್‌ಸಿಇಯನ್ನು. ಸಾದಾ, ಹಗುರ, ಇಟ್ಟಲ್ಲಿ ಇಟ್ಟ ಹಾಗೇ ಇರುವಂಥದ್ದು. ಹಿನ್ನೆಲೆ ಕಪ್ಪು ಮಾಡಿದೆ. ಬಲಬದಿ ಕಾಣದ್ದರಿಂದ, ಒತ್ತುವ ಗುಂಡಿಗಳ ಪಟ್ಟಿಯನ್ನು ಪರದೆಯ ಎಡಕ್ಕೆ ಒಯ್ದೆ. ಮೌಸಿನ ಬಾಣವನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಅರಿಷಿಣದ ಹಳದಿ ಕೊಟ್ಟೆ. ಕಾಕೂ ಮತ್ತೆ ಕೆಲಸಕ್ಕೆ ಕುಳಿತರು. ಅಂದಿನ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಒಂದೇ ಪೇಚು. ಬೇಡವಾದ ಡೆಸ್ಕ್‌ಟಾಪುಗಳನ್ನು ಅಳಿಸಲು ಬಿಡಲೊಲ್ಲರು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಮುಗಿದರೂ ಅದರ ತುದಿಯನ್ನು ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗೆ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. “ಹಳೇದು ಪೂರಾ ಕಿತ್ತು ಒಗದ್ರ, ಹೊಸಾದನ್ನ ಯಾತಕ್ಕ ಕೆಚ್ಚತೀ?” ಎಂದು ನನ್ನನ್ನೇ ಗದರುತ್ತಿದ್ದರು. ಕಂಪ್ಯೂಟರಿಗೆ ಅದು ಬೇಕಿಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ. ಡಿಸ್ಕು ತುಂಬಿ ಉಸಿರುಕಟ್ಟಿದರೂ ಮೂರೂ ಒಳಗೇ ಉಳಿದವು.

ಆಮೇಲೆ ಒಂದು ಅಮಾವಾಸ್ಯೆಗೆ ಅವರೇ ಕರೆಸಿದರು. ಚೌಕಗಳು ಒಂದರೊಳಗೊಂದು ಕಲೆಸಿಹೋಗುತ್ತಿದ್ದವಂತೆ. ಪಕ್ಕದಲ್ಲಿ ಸೊಸೆ ನಿಂತಿದ್ದಳು. “ಇನ್ನ ಇದು ಆಕಿದು. ಆಕಿ ಕೈಗೆ ಹೆಂಗ ಬೇಕೋ ಹಂಗ ಮಾಡು,” ಎಂದರು ಕಾಕೂ.

“ನಿಮ್ಮ ಪಟ್ಟಿ, ಕರಿ ಬಣ್ಣ ಎಲ್ಲಾ ತಗೀಲೇನ್ರಿ ಕಾಕೂ?”

“ತಗಿ...” ಎಂದರು. ಮತ್ತೆ ಮೆಲ್ಲಗೆ, “ಬಾಣ ಒಂದು ಇರ್ಲಿ. ಅದೊಂದು ತುದಿ ಬಿಡು,” ಎಂದರು.

ಅಂದಿನಿಂದ ಕಾಕೂ ಸೊಸೆಯ ಹಿಂದೆ ಕುಳಿತು, ಹಳದಿ ಬಾಣ ಹೋದತ್ತ ಮುಖ ಹೊರಳಿಸುತ್ತಿದ್ದರು. ಮುಂದೊಂದು ಅಮಾವಾಸ್ಯೆ ನಾನು ಯಂತ್ರ ಒರೆಸಿ ಚಾಲು ಮಾಡಿದ್ದೆ. ಮೌಸನ್ನು ಯಾರೂ ಹಿಡಿದಿರಲಿಲ್ಲ. “ಬಾಣ ಈಗ ಎಲ್ಲಿ ಹೊಂಟೈತಿ?” ಎಂದು ಕಾಕೂ ಕೇಳಿದರು. ಬಾಣ ಪರದೆಯ ನಡುವೆ ನಿಂತಲ್ಲೇ ನಿಂತಿತ್ತು. ಸೊಸೆ ನನ್ನ ಮುಖ ನೋಡಿದಳು. ಆಮೇಲೆ, “ಎಡಕ್ಕ ಹೊಂಟೈತ್ರಿ, ಅತ್ತಿ,” ಎಂದಳು. ಕಾಕೂ ಎಡಕ್ಕೆ ಮುಖ ತಿರುಗಿಸಿದರು.

ಮೊನ್ನೆ ಧೂಳು ತೆಗೆದು ಯಂತ್ರ ಚಾಲು ಮಾಡಿದೆ. ಪಟ್ಟಿ ಕೆಳಗಿತ್ತು, ಹಿನ್ನೆಲೆಯಲ್ಲಿ ಸೊಸೆಯೇ ತೆಗೆದ ಅಂಚು. ಅದರ ಮೇಲೆ ಅದೇ ದಪ್ಪನೆಯ ಹಳದಿ ಬಾಣ.

“ಇಷ್ಟು ದೊಡ್ಡದು ಕೆಲಸಕ್ಕ ಅಡ್ಡ ಬರೂದಿಲ್ಲೇನವಾ? ಸಣ್ಣದು ಮಾಡ್ಲಿ?”

“ಬರತೈತ್ರಿ ಅಣ್ಣಾರ, ಚೌಕ ಮುಚ್ಚತೈತಿ. ಇರ್ಲಿ ಬಿಡ್ರಿ, ಸರಿಸಿ ನೋಡ್ತೀನಿ.”

ಯಂತ್ರ ಬಂದ್ ಮಾಡುವ ಮೊದಲು ಬಾಣವನ್ನು ನಿಧಾನಕ್ಕೆ ಪರದೆಯ ಎಡದ ಅಂಚಿನವರೆಗೆ ಒಯ್ದೆ. ಎಲ್ಲಿ ಹೊಂಟೈತಿ ಎಂದು ಕೇಳುವವರು ಯಾರೂ ಇರಲಿಲ್ಲ. ಆದರೂ ಸೊಸೆ, ಪರದೆಯಿಂದ ಕಣ್ಣು ತೆಗೆಯದೆ, ತನ್ನಷ್ಟಕ್ಕೇ ಹೇಳಿದಳು: “ಎಡಕ್ಕ ಹೊಂಟೈತ್ರಿ, ಅತ್ತಿ.”